ಬಣ್ಣವಿಲ್ಲದೆ ಅಚ್ಚಾದ ಬೆಳ್ಳಕ್ಕಿ

ಟೋಕಿಯೋದ ಜಿಂಬೋಚೊ ಬಡಾವಣೆಯಲ್ಲಿ ಹಳೆಯ ಪುಸ್ತಕದಂಗಡಿಗಳು ಸಾಲುಸಾಲಾಗಿ ನಿಂತಿವೆ. ಅವುಗಳ ನಡುವೆ ಅಲ್ಲಲ್ಲಿ ಮರದಚ್ಚಿನ ಚಿತ್ರಗಳನ್ನು ಮಾರುವ ಅಂಗಡಿಗಳೂ ಇವೆ. ಅಂಥ ಒಂದು ಅಂಗಡಿಯ ಮಹಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ವರ್ಷಗಟ್ಟಲೆ ನೋಡಿ ನನಗೆ ಪೂರ್ತಿ ಪರಿಚಯವಿದೆ ಎಂದುಕೊಂಡಿದ್ದ ಚಿತ್ರವೊಂದನ್ನು ಮೊದಲ ಸಲ ಕಾಗದದ ಮೇಲೆ ಕಂಡೆ. ಓಹಾರಾ ಕೋಸೊನ್ ರಚಿಸಿದ, ಮಳೆಯಲ್ಲಿ ನಿಂತ ಬೆಳ್ಳಕ್ಕಿಯ ಚಿತ್ರ ಅದು. ಕಪ್ಪಿಗೆ ತಿರುಗಿದ ಹಿನ್ನೆಲೆ, ಓರೆಯಾಗಿ ಇಳಿಯುವ ಮಳೆಯ ಗೆರೆಗಳು, ಅವುಗಳ ನಡುವೆ ಒಂದೇ ಒಂದು ಬಿಳಿಯ ಹಕ್ಕಿ. ಅದು ಮೂಲ ಮುದ್ರಣವಾಗಿರಲಿಲ್ಲ. ಅದೇ ವಿನ್ಯಾಸವನ್ನು ಬಹಳ ಕಾಲದ ಮೇಲೆ ಮತ್ತೆ ಕೈಯಿಂದ ಒತ್ತಿದ ಪ್ರತಿಯಾದ್ದರಿಂದ ನನ್ನಂಥವನೂ ಕೊಳ್ಳುವ ಬೆಲೆಯಲ್ಲಿತ್ತು. ನಾನು ನೇರವಾಗಿ ಮೇಲಿನಿಂದ ನೋಡುತ್ತಿದ್ದುದನ್ನು ಗಮನಿಸಿದ ಅಂಗಡಿಯ ವೃದ್ಧರು ಏನೂ ಮಾತಾಡದೆ ಹಾಳೆಯ ಎರಡು ಮೂಲೆಗಳನ್ನು ಹಿಡಿದೆತ್ತಿ, ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವಂತೆ ಓರೆ ಮಾಡಿದರು. ಆಗ ಅಲ್ಲಿಯವರೆಗೆ ಬರಿಯ ಬಿಳಿಯ ಆಕಾರವಾಗಿದ್ದ ಹಕ್ಕಿಯ ಮೈಯಲ್ಲಿ ಗರಿಗಳೆದ್ದವು. ಎದೆಯ ಮೇಲಿನ ಎಳೆಗರಿ, ರೆಕ್ಕೆಯ ಮಡಿಕೆ, ಬೆನ್ನಿನ ಮೇಲೆ ಜೋತ ತೆಳುವಾದ ಎಸಳುಗಳು ಒಂದೊಂದಾಗಿ ಕಂಡವು. ಅಲ್ಲಿ ಬಿಳಿಯ ಬಣ್ಣವಿರಲಿಲ್ಲ. ಇದ್ದದ್ದು ಕಾಗದ ಮಾತ್ರ.

ಬಣ್ಣ ಹಚ್ಚದ ಹಲಗೆಯ ಮೇಲೆ ಕಾಗದವನ್ನಿಟ್ಟು ಒತ್ತುವ ಈ ಕೆಲಸಕ್ಕೆ ಜಪಾನಿ ಭಾಷೆಯಲ್ಲಿ ಕರಾಜುರಿ, ಅಂದರೆ ಖಾಲಿ ಅಚ್ಚು, ಎನ್ನುತ್ತಾರೆ. ಹೂ-ಹಕ್ಕಿ ಚಿತ್ರಗಳ ಬಗ್ಗೆ ನಾನು ಅಲ್ಲಿಯವರೆಗೆ ಓದಿದ್ದರಲ್ಲಿ ಆ ಪದ ಹಲವು ಬಾರಿ ಬಂದಿತ್ತು, ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಈ ಚಿತ್ರಗಳನ್ನು ಪರದೆಯ ಮೇಲೆ ಮಾತ್ರ ನೋಡಿದವರು ಅವುಗಳ ಅರ್ಧವನ್ನಷ್ಟೇ ನೋಡಿರುತ್ತಾರೆ ಎಂಬುದು ಆ ಮಹಡಿಯಿಂದ ಇಳಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ. ಕಾಣದೆ ಉಳಿಯುವ ಆ ಇನ್ನರ್ಧವು ಚಿತ್ರ ಬರೆದವನ ಕೈಯದಲ್ಲ, ಮರ ಕೆತ್ತಿದವನ ಮತ್ತು ಕಾಗದ ಒತ್ತಿದವನ ಕೈಯದು.

ಜಪಾನಿನಲ್ಲಿ ಈ ಪ್ರಕಾರವನ್ನು ಕಾಚೋ-ಎ ಎಂದು ಕರೆಯುತ್ತಾರೆ. ಕಾ ಎಂದರೆ ಹೂವು, ಚೋ ಎಂದರೆ ಹಕ್ಕಿ, ಎ ಎಂದರೆ ಚಿತ್ರ. ಹೆಸರಿನಲ್ಲಿ ಎರಡೇ ಇದ್ದರೂ ಕೀಟ, ಕಪ್ಪೆ, ಮೀನುಗಳೂ ಈ ಪ್ರಕಾರಕ್ಕೇ ಸೇರುತ್ತವೆ. ಇದರ ಬೇರು ಚೀನಾದ ಚಿತ್ರಕಲೆಯಲ್ಲಿದೆ. ಅಲ್ಲಿ ಸಾಂಗ್ ರಾಜವಂಶದ ಕಾಲಕ್ಕಾಗಲೇ ಹೂ-ಹಕ್ಕಿಯ ಚಿತ್ರಣ ಒಂದು ಪ್ರತ್ಯೇಕ ವಿಭಾಗವಾಗಿ ಬೆಳೆದಿತ್ತು. ಜಪಾನಿನಲ್ಲಿ ಕಾನೊ ಪಂಥದವರು ಅದನ್ನು ಅರಮನೆಗಳ ಜಾರುಬಾಗಿಲುಗಳ ಮೇಲೆ ಚಿನ್ನದ ಹಿನ್ನೆಲೆಯಲ್ಲಿ ಬರೆದರು. 1731ರಲ್ಲಿ ಚೀನಾದ ಕಲಾವಿದ ಶೆನ್ ನಾನ್‌ಪಿನ್ ನಾಗಸಾಕಿಗೆ ಬಂದು ಸುಮಾರು ಎರಡು ವರ್ಷ ಉಳಿದ ಮೇಲೆ, ಗರಿ ಗರಿಯನ್ನೂ ಬಿಡಿಸಿ ತೋರಿಸುವ ಸೂಕ್ಷ್ಮ ಶೈಲಿಯೊಂದು ಅಲ್ಲಿನ ಚಿತ್ರಕಾರರನ್ನು ಹಿಡಿದುಕೊಂಡಿತು. ಶ್ರೀಮಂತರ ಗೋಡೆಯ ಮೇಲಿದ್ದ ಈ ಹಕ್ಕಿಗಳನ್ನು ಎಡೋ ನಗರದ, ಎಂದರೆ ಇಂದಿನ ಟೋಕಿಯೋದ, ಸಾಮಾನ್ಯ ವ್ಯಾಪಾರಿಯೂ ಕೊಳ್ಳಬಲ್ಲ ಹಾಳೆಗೆ ಇಳಿಸಿದ್ದು ಮರದಚ್ಚು.

ಯಾವ ಹೂವಿನ ಜೊತೆ ಯಾವ ಹಕ್ಕಿ ಎಂಬುದು ಹೆಚ್ಚಿನ ಸಂದರ್ಭದಲ್ಲಿ ಚಿತ್ರಕಾರನ ಮರ್ಜಿಗೆ ಬಿಟ್ಟ ವಿಷಯವಾಗಿರಲಿಲ್ಲ. ಪ್ಲಮ್ ಹೂವಿನ ಕೊಂಬೆಯ ಮೇಲೆ ಉಗುಯಿಸು ಎಂಬ ಪುಟ್ಟ ಹಾಡುಹಕ್ಕಿ ಕುಳಿತರೆ ವಸಂತದ ಮೊದಲ ದಿನಗಳು ಎಂದರ್ಥ. ಬಿದಿರಿಗೆ ಗುಬ್ಬಚ್ಚಿ, ಪೈನ್ ಮರಕ್ಕೆ ಕ್ರೌಂಚ, ಹುಣ್ಣಿಮೆಯ ಚಂದ್ರನಿಗೆ ವಲಸೆ ಬರುವ ಹೆಬ್ಬಾತು, ಹಿಮಕ್ಕೆ ಮ್ಯಾಂಡರಿನ್ ಬಾತಿನ ಜೋಡಿ. ಕಾವ್ಯದಲ್ಲಿ ಶತಮಾನಗಳಿಂದ ಒಟ್ಟಿಗೆ ಬಂದ ಈ ಜೋಡಿಗಳು ನೋಡುಗರಿಗೆ ಎಷ್ಟು ಪರಿಚಿತವಾಗಿದ್ದವೆಂದರೆ ಹನಾಫುದಾ ಎಂಬ ಇಸ್ಪೀಟಿನಲ್ಲಿ ತಿಂಗಳುಗಳನ್ನು ಗುರುತಿಸುವುದೇ ಇವುಗಳಿಂದ: ಜನವರಿಗೆ ಪೈನ್ ಮತ್ತು ಕ್ರೌಂಚ, ಫೆಬ್ರುವರಿಗೆ ಪ್ಲಮ್ ಮತ್ತು ಉಗುಯಿಸು, ಆಗಸ್ಟಿಗೆ ಚಂದ್ರ ಮತ್ತು ಹೆಬ್ಬಾತು. ಇಂದು ವಿಡಿಯೋ ಆಟಗಳಿಗೆ ಹೆಸರಾದ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ್ದು ಇದೇ ಹೂವಿನ ಇಸ್ಪೀಟೆಲೆಗಳನ್ನು ತಯಾರಿಸುವುದಕ್ಕಾಗಿ ಎಂಬುದು ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಹೇಳದೆ ಇರಲಾರೆ.

ಇನ್ನು ಕೆಲಸದ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಈ ಚಿತ್ರಗಳ ಸ್ವಾರಸ್ಯವೆಲ್ಲ ಅಲ್ಲಿದೆ. ಒಂದು ಹಾಳೆಯ ಹಿಂದೆ ನಾಲ್ವರಿರುತ್ತಾರೆ. ಹಣ ಹಾಕಿ, ವಿಷಯವನ್ನು ಆರಿಸಿ, ಎಲ್ಲರನ್ನೂ ಹಿಡಿದು ಕೆಲಸ ಮಾಡಿಸುವ ಪ್ರಕಾಶಕ, ಚಿತ್ರ ಬರೆಯುವವನು, ಕೆತ್ತುವವನು, ಒತ್ತುವವನು. ಚಿತ್ರಕಾರನು ತೆಳುವಾದ ಕಾಗದದ ಮೇಲೆ ಕಪ್ಪು ಶಾಯಿಯ ಗೆರೆಗಳಲ್ಲಿ ಚಿತ್ರವನ್ನು ಬರೆದುಕೊಡುತ್ತಾನೆ. ಕೆತ್ತನೆಗಾರನು ಆ ಕಾಗದವನ್ನು ಕಾಡುಚೆರ್ರಿ ಮರದ ಹಲಗೆಯ ಮೇಲೆ ಮುಖ ಕೆಳಗಾಗಿ ಅಂಟಿಸಿ, ಗೆರೆಗಳು ಹಿಂಬದಿಯಿಂದ ಸ್ಪಷ್ಟವಾಗಿ ಕಾಣುವವರೆಗೆ ಕಾಗದದ ಪದರವನ್ನು ಬೆರಳ ತುದಿಯಿಂದ ಉಜ್ಜಿ ತೆಗೆದು, ಗೆರೆಯ ಎರಡೂ ಅಂಚುಗಳಲ್ಲಿ ಚೂರಿಯನ್ನು ಎಳೆಯುತ್ತಾನೆ. ಆಮೇಲೆ ಗೆರೆಗಳ ನಡುವಿನ ಮರವನ್ನು ಉಳಿಯಿಂದ ತೆಗೆದುಹಾಕಿದಾಗ ಗೆರೆ ಮಾತ್ರ ದಿಬ್ಬವಾಗಿ ನಿಲ್ಲುತ್ತದೆ. ಚಿತ್ರಕಾರನು ಕೈಯಾರೆ ಬರೆದ ಮೂಲ ಚಿತ್ರ ಈ ಕೆತ್ತನೆಯಲ್ಲೇ ಚೂರುಚೂರಾಗಿ ಹೋಗಿಬಿಡುತ್ತದೆ. ಹೆಸರಾಂತ ಚಿತ್ರಕಾರ ಹೊಕುಸಾಯ್ ಬರೆದ ಗೆರೆ ಎಂದು ನಾವು ಮೆಚ್ಚಿಕೊಳ್ಳುವ ಗೆರೆಯನ್ನು ಮರದಲ್ಲಿ ಉಳಿಸಿದ್ದು ಬಹುಪಾಲು ಹೆಸರೇ ತಿಳಿಯದ ಒಬ್ಬ ಕೆತ್ತನೆಗಾರ.

ಸುಂದರಿಯರ ಚಿತ್ರಗಳಲ್ಲಿ ಹಣೆಯಂಚಿನ ಎಳೆಗೂದಲನ್ನು ಕೆತ್ತುವ ಕೆಲಸ ಕಾರ್ಯಾಗಾರದ ಹಿರಿಯನದು, ಬಟ್ಟೆಯ ಮಡಿಕೆ ಕೆತ್ತುವುದು ಕಿರಿಯರದು. ಹಕ್ಕಿಯ ಚಿತ್ರದಲ್ಲಿ ಕೂದಲಿನ ಜಾಗವನ್ನು ಗರಿ ತೆಗೆದುಕೊಳ್ಳುತ್ತದೆ. ಕತ್ತಿನ ಸುತ್ತ ಗರಿಗಳ ಗೆರೆ ಮೊನಚಾಗಿ ಶುರುವಾಗಿ, ನಡುವೆ ತುಸು ಉಬ್ಬಿ, ಮತ್ತೆ ಮೊನಚಾಗಿ ಮುಗಿಯಬೇಕು. ಅಂಥ ಗೆರೆಯನ್ನು ಕುಂಚ ಒಂದೇ ಎಳೆತದಲ್ಲಿ ಬರೆದರೆ ಚೂರಿ ಅದರ ಎರಡು ಬದಿಗಳನ್ನು ಬೇರೆ ಬೇರೆಯಾಗಿ ಸುತ್ತಿ ಬರಬೇಕಾಗುತ್ತದೆ. ನೋಡಿದಾಗ ಮಾತ್ರ ಅದು ಕುಂಚದ ಒಂದೇ ಎಳೆತದಂತೆ ಕಾಣಬೇಕು.

ಬಣ್ಣಗಳಿಗೆ ಬೇರೆ ಬೇರೆ ಅಚ್ಚಿನ ಮೈ ಬೇಕು. ಗೆರೆಯ ಹಲಗೆಯಿಂದ ಕೆಲವು ಪ್ರತಿಗಳನ್ನು ಒತ್ತಿ, ಚಿತ್ರಕಾರನು ಒಂದೊಂದು ಪ್ರತಿಯಲ್ಲಿ ಒಂದೊಂದು ಬಣ್ಣ ಎಲ್ಲೆಲ್ಲಿ ಬರಬೇಕೆಂದು ಗುರುತು ಹಾಕುತ್ತಾನೆ. ಅವುಗಳನ್ನು ಹೊಸ ಹಲಗೆಗಳಿಗೆ ಅಂಟಿಸಿ ಕೆತ್ತುತ್ತಾರೆ. ಐದೋ ಹತ್ತೋ ಅಚ್ಚುಗಳ ಬಣ್ಣ ಒಂದೇ ಕಾಗದದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂರಬೇಕಲ್ಲವೇ, ಅದಕ್ಕಾಗಿ ಪ್ರತಿಯೊಂದು ಹಲಗೆಯಲ್ಲಿಯೂ ಎರಡು ಗುರುತುಗಳನ್ನು ಕೆತ್ತಿರುತ್ತಾರೆ. ಮೂಲೆಯಲ್ಲಿ ಒಂದು ಕಾಟಕೋನದ ಹಳ್ಳ, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರವಾದ ಹಳ್ಳ. ಕಾಗದದ ಮೂಲೆ ಮೊದಲನೆಯದರಲ್ಲಿ, ಅಂಚು ಎರಡನೆಯದರಲ್ಲಿ ಕೂತರೆ ಮುಗಿಯಿತು. ಇವಕ್ಕೆ ಕೆಂತೊ ಎನ್ನುತ್ತಾರೆ. 1765ರ ಸುಮಾರಿಗೆ ಚಿತ್ರಕಾರ ಸುಜುಕಿ ಹರುನೊಬು ಮತ್ತು ಅವನ ಸುತ್ತಲಿನವರು ಹತ್ತಾರು ಬಣ್ಣಗಳ ಚಿತ್ರಗಳನ್ನು ಹೊರತಂದಾಗ ಅದಕ್ಕೆ ಜರಿಬಟ್ಟೆಯ ಚಿತ್ರ ಎಂಬ ಅರ್ಥದ ನಿಶಿಕಿ-ಎ ಎಂಬ ಹೆಸರು ಬಿತ್ತು. ಆ ಜರಿಯ ವೈಭವವೆಲ್ಲ ನಿಂತಿದ್ದು ಈ ಎರಡು ಸಣ್ಣ ಹಳ್ಳಗಳ ಮೇಲೆ.

ಒತ್ತುವವನಿಗೆ ಯಂತ್ರವಿಲ್ಲ. ಕಾಗದವು ಕೋಜೊ ಎಂಬ ಗಿಡದ ನಾರಿನಿಂದ ಮಾಡಿದ್ದು; ಅದರ ಮೈಗೆ ಸರೇಸು ಮತ್ತು ಪಟಿಕದ ನೀರನ್ನು ಸವರಿ ಬಣ್ಣ ಹರಡದಂತೆ ಮಾಡಿ, ಒತ್ತುವ ಮೊದಲು ಹದವಾಗಿ ತೇವಗೊಳಿಸಿರುತ್ತಾರೆ. ಹಲಗೆಯ ಮೇಲೆ ನೀರಿನ ಬಣ್ಣವನ್ನೂ ಚಿಟಿಕೆ ಅಕ್ಕಿಗಂಜಿಯನ್ನೂ ಹಾಕಿ ಬ್ರಷ್‌ನಿಂದ ಹರಡಿ, ಕಾಗದವನ್ನಿಟ್ಟು, ಬಾರೆನ್ ಎಂಬ ಅಂಗೈಯಗಲದ ದುಂಡನೆಯ ಸಾಧನದಿಂದ ಹಿಂಬದಿಯಲ್ಲಿ ಉಜ್ಜುತ್ತಾರೆ. ಬಾರೆನ್ನಿನ ಒಳಗೆ ಕಳಲೆಯ ಸಿಪ್ಪೆಯನ್ನು ಸೀಳಿ ಹೊಸೆದ ಹುರಿಯ ಸುರುಳಿ ಇರುತ್ತದೆ, ಹೊರಗೂ ಕಳಲೆಯ ಸಿಪ್ಪೆಯದೇ ಹೊದಿಕೆ. ಆ ಹುರಿಯ ಗಂಟುಗಂಟಾದ ಮೈಯೇ ಬಣ್ಣವನ್ನು ನಾರಿನೊಳಕ್ಕೆ ಇಳಿಸುವುದು. ಆಕಾಶದ ನೀಲಿ ಮೇಲಿನಿಂದ ಕೆಳಕ್ಕೆ ಕ್ರಮೇಣ ತಿಳಿಯಾಗುವ ಬೊಕಾಶಿ ಎಂಬ ಪರಿಣಾಮವನ್ನು ಕೆತ್ತಿ ತರಲಾಗುವುದಿಲ್ಲ. ಒಂದೊಂದು ಹಾಳೆಗೂ ಹಲಗೆಯ ಮೇಲೆ ಬಣ್ಣವನ್ನು ಹೊಸದಾಗಿ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ ತಿಳಿಯಾಗಿಸಬೇಕು. ಹಾಗಾಗಿಯೇ ಒಂದೇ ಹಲಗೆಯಿಂದ ಬಂದ ಎರಡು ಪ್ರತಿಗಳಲ್ಲಿ ಸಂಜೆ ಒಂದೇ ರೀತಿ ಕವಿದಿರುವುದಿಲ್ಲ.

ಬೆಳ್ಳಕ್ಕಿಯ ಮೈಗೆ ಬಣ್ಣವೂ ಇಲ್ಲ, ಗಂಜಿಯೂ ಇಲ್ಲ. ಗರಿಗಳ ಗೆರೆಗಳನ್ನು ತಗ್ಗಾಗಿ ಕೆತ್ತಿದ ಹಲಗೆಯ ಮೇಲೆ ತೇವದ ಕಾಗದವನ್ನು ಬಲವಾಗಿ ಒತ್ತಿದರೆ ನಾರು ಆ ತಗ್ಗಿನೊಳಕ್ಕೆ ಇಳಿದು, ಒಣಗಿದಾಗ ಹಾಳೆಯ ಮುಂಬದಿಯಲ್ಲಿ ಉಬ್ಬಾಗಿ ನಿಲ್ಲುತ್ತದೆ. ಬಾರೆನ್ನಿನ ಒತ್ತಡ ಸಾಲದಾದಾಗ ಮೊಣಕೈಯಿಂದ ಒತ್ತುವುದೂ ಇತ್ತು. ಹಿಮ, ಬೆಳ್ಳಕ್ಕಿ, ಬಿಳಿಯ ಸೇವಂತಿಗೆ, ಅಲೆಯ ನೊರೆ: ಬಿಳಿ ಎಂದು ನಮಗೆ ಕಾಣುವ ಎಷ್ಟೋ ವಸ್ತುಗಳು ಹೀಗೆ ಹುಟ್ಟಿದವು. ಮೇಲಿನಿಂದ ಸಮನಾದ ಬೆಳಕು ಬಿಟ್ಟು ತೆಗೆದ ಛಾಯಾಚಿತ್ರದಲ್ಲಿ ಇವು ಸತ್ತುಹೋಗುತ್ತವೆ. ವಸ್ತುಸಂಗ್ರಹಾಲಯಗಳು ಇಂದು ಬಹಳ ಉದಾರವಾಗಿ ಅಂತರ್ಜಾಲದಲ್ಲಿ ಕೊಡುತ್ತಿರುವ ದೊಡ್ಡ ದೊಡ್ಡ ಚಿತ್ರಗಳಿಗೆ ನಾನು ಋಣಿಯೇ, ಆದರೂ ಅವುಗಳ ಜೊತೆಗೆ ಓರೆಬೆಳಕಿನ ಒಂದು ಚಿತ್ರವನ್ನೂ ಕೊಡಬಾರದೇ ಎಂದು ಪ್ರತಿ ಸಲ ಅನ್ನಿಸುತ್ತದೆ.

ಕಿತಗಾವಾ ಉತಮಾರೊನನ್ನು ಸುಂದರಿಯರ ಚಿತ್ರಕಾರನೆಂದೇ ಜಗತ್ತು ಬಲ್ಲದು. ಆ ಖ್ಯಾತಿ ಬರುವ ಮುಂಚೆ, 1788ರಲ್ಲಿ, ಪ್ರಕಾಶಕ ತ್ಸುತಾಯಾ ಜೂಜಾಬುರೊಗಾಗಿ ಅವನು ಆರಿಸಿದ ಕೀಟಗಳ ಪುಸ್ತಕವೊಂದಕ್ಕೆ ಚಿತ್ರ ಬರೆದ. ಅದರ ಕೊನೆಯಲ್ಲಿ ಅವನ ಗುರು ತೊರಿಯಾಮಾ ಸೆಕಿಎನ್, ಈ ಹುಡುಗ ಚಿಕ್ಕಂದಿನಲ್ಲಿ ಹುಳುಗಳನ್ನು ಹಿಡಿದು ಆಡುತ್ತ ಅವುಗಳಲ್ಲೇ ಮುಳುಗಿಹೋಗುತ್ತಿದ್ದನೆಂದು ನೆನಪಿಸಿಕೊಂಡಿದ್ದಾನೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವ ಸಂಗತಿಯೆಂದರೆ ಆ ಪುಸ್ತಕದಲ್ಲಿ ಕೆತ್ತನೆಗಾರನ ಹೆಸರೂ ಇದೆ: ಫುಜಿ ಕಜುಮುನೆ. ಒಂದು ಹುಳುವಿನ ಮೀಸೆಯನ್ನು ಚೆರ್ರಿ ಮರದಲ್ಲಿ ಉಳಿಸಿದವನ ಹೆಸರನ್ನು ಅಚ್ಚು ಹಾಕಿದ ಪ್ರಕಾಶಕನ ಬಗ್ಗೆ ನನಗೆ ಗೌರವವಿದೆ.

ಆದರೂ ಅಂಗಡಿಗಳಲ್ಲಿ ಹೆಚ್ಚು ಖರ್ಚಾಗುತ್ತಿದ್ದುದು ಕಾಬುಕಿ ಎಂಬ ರಂಗಪ್ರಕಾರದ ನಟರ ಮತ್ತು ಸುಂದರಿಯರ ಚಿತ್ರಗಳೇ. ಹೂ-ಹಕ್ಕಿಗಳಿಗೆ ದೊಡ್ಡ ಜಾಗ ಸಿಕ್ಕಿದ್ದು 1830ರ ದಶಕದಲ್ಲಿ. ಬರ್ಲಿನ್‌ನಲ್ಲಿ ಹುಟ್ಟಿದ್ದರಿಂದ ಜಪಾನೀಯರು ಬೆರೊ-ಆಯ್ ಎಂದು ಕರೆದ ಪ್ರಷ್ಯನ್ ನೀಲಿ ಬಣ್ಣ ಆ ಹೊತ್ತಿಗೆ ಅಗ್ಗವಾಗಿ ಸಿಗತೊಡಗಿತ್ತು. ಅದಕ್ಕೆ ಮೊದಲು ಬಳಸುತ್ತಿದ್ದ ತ್ಸುಯುಕುಸಾ ಹೂವಿನ ನೀಲಿಯು ತೇವ ತಾಗಿದರೆ ಬದಲಾಗುತ್ತಿತ್ತು, ಬೆಳಕಿಗೆ ಮಾಸುತ್ತಿತ್ತು. ಕುಸುಬೆ ಹೂವಿನಿಂದ ತೆಗೆದ ಕೆಂಪಿನದೂ ಅದೇ ಕಥೆ. ಹಳೆಯ ಪ್ರತಿಗಳಲ್ಲಿ ಇಂದು ಕಂದಾಗಿ ಕಾಣುವ ಎಷ್ಟೋ ಎಸಳುಗಳು ಒತ್ತಿದ ದಿನ ನೇರಳೆಯಾಗಿದ್ದವು. ಹೊಸ ನೀಲಿ ಮಾತ್ರ ಆಳವಾಗಿಯೂ ಇತ್ತು, ನಿಲ್ಲುವಂಥದೂ ಆಗಿತ್ತು.

ಎಪ್ಪತ್ತು ದಾಟಿದ ಹೊಕುಸಾಯ್ 1833-34ರ ಸುಮಾರಿಗೆ ನಿಶಿಮುರಾಯಾ ಯೊಹಾಚಿ ಎಂಬ ಪ್ರಕಾಶಕನಿಗೆ ಹತ್ತು ದೊಡ್ಡ ಹಾಳೆಗಳ ಹೂವಿನ ಮಾಲಿಕೆಯೊಂದನ್ನು ಮಾಡಿಕೊಟ್ಟ. ಅದರಲ್ಲಿ ಗಸಗಸೆ ಹೂಗಳ ಚಿತ್ರವೊಂದಿದೆ. ಅಲ್ಲಿ ಹಕ್ಕಿಯೂ ಇಲ್ಲ, ಹುಳುವೂ ಇಲ್ಲ, ಹಿನ್ನೆಲೆಯೂ ಇಲ್ಲವೆನ್ನುವಷ್ಟು ಖಾಲಿ. ಗಾಳಿಯ ಹೊಡೆತಕ್ಕೆ ದಂಟುಗಳು ಒಂದೇ ಕಡೆಗೆ ಬಾಗಿ, ಎಸಳುಗಳು ಮುದುರಿ, ಇಡೀ ಗಿಡ ಒಂದು ಅಲೆಯ ಆಕಾರಕ್ಕೆ ತಿರುಗಿದೆ. ಅದೇ ಮಾಲಿಕೆಯ ಮತ್ತೊಂದರಲ್ಲಿ ಪಿಯೋನಿ ಹೂವಿನ ಎದುರು ಚಿಟ್ಟೆಯೊಂದು ಗಾಳಿಗೆ ಸಿಕ್ಕಿ ರೆಕ್ಕೆಯೇ ಮಡಿಸಿಹೋದಂತೆ ತಿರುಚಿಕೊಂಡಿದೆ. ಇನ್ನೊಂದರಲ್ಲಿ, ಬೆಳಗಿನ ಹೊತ್ತು ಅರಳುವ ಅಸಾಗಾವೊ ಬಳ್ಳಿಯಲ್ಲಿ ಎಲೆಯದೇ ಬಣ್ಣದ ಮರಗಪ್ಪೆಯೊಂದು ಅಡಗಿದೆ. ಅದನ್ನು ಹುಡುಕಲು ನನಗೆ ಮೊದಲ ಸಲ ಸಾಕಷ್ಟು ಹೊತ್ತು ಹಿಡಿಯಿತು. ಹೂಗಳನ್ನು ಅಲಂಕಾರವೆಂದು ಬರೆಯುವವರು ಅವುಗಳನ್ನು ಸುಮ್ಮನೆ ನಿಲ್ಲಿಸುತ್ತಾರೆ. ಹೊಕುಸಾಯ್ ನಿಲ್ಲಗೊಡುವುದಿಲ್ಲ.

ಉತಗಾವಾ ಹಿರೋಶಿಗೆಯ ಸ್ವಭಾವ ಬೇರೆ. ನಿಸರ್ಗದೃಶ್ಯಗಳಿಗೆ ಹೆಸರಾದ ಈತ ಹೂ-ಹಕ್ಕಿಗಳ ನೂರಾರು ವಿನ್ಯಾಸಗಳನ್ನೂ ಮಾಡಿದ್ದಾನೆ. ಕವಿತೆ ಬರೆಯಲು ಬಳಸುತ್ತಿದ್ದ ಪಟ್ಟಿಯಂಥ ಉದ್ದನೆಯ ಹಾಳೆ, ತಾನ್‌ಜಾಕು, ಅವನಿಗೆ ಬಹಳ ಒಗ್ಗಿತು. ಅಷ್ಟು ಕಿರಿದಾದ ಜಾಗದಲ್ಲಿ ಕೊಂಬೆ ಪೂರ್ತಿ ಬರಲಾರದು, ಆದ್ದರಿಂದ ಅದು ಅಂಚಿನಿಂದ ಒಳನುಗ್ಗಿ ಮತ್ತೊಂದು ಅಂಚಿನಲ್ಲಿ ತುಂಡಾಗುತ್ತದೆ. ಚಂದ್ರನೂ ಪೂರ್ತಿ ಬರುವುದಿಲ್ಲ. 1830ರ ದಶಕದ ಆರಂಭದ ಅವನ ಹೆಬ್ಬಾತುಗಳ ಚಿತ್ರದಲ್ಲಿ ಮೂರು ಹಕ್ಕಿಗಳು ದೊಡ್ಡ ಚಂದ್ರಬಿಂಬಕ್ಕೆ ಅಡ್ಡಲಾಗಿ ಇಳಿಯುತ್ತಿವೆ, ಬಿಂಬದ ಒಂದು ಪಾಲು ಹಾಳೆಯ ಹೊರಗೇ ಉಳಿದಿದೆ, ಬದಿಯಲ್ಲಿ ಇಂಥ ರಾತ್ರಿ ಮತ್ತೊಮ್ಮೆ ಬಂದೀತೇ ಎಂಬರ್ಥದ ಒಂದು ಹೈಕು ಇದೆ. 1949ರಲ್ಲಿ ಜಪಾನ್ ಈ ಚಿತ್ರವನ್ನು ಎಂಟು ಯೆನ್ ಅಂಚೆಚೀಟಿಯಾಗಿ ಅಚ್ಚು ಹಾಕಿತು. ಹೆಬ್ಬಾತುಗಳ ಗೆರೆಯಲ್ಲಿ ಶಾಸ್ತ್ರೀಯ ನಿಖರತೆ ಹೆಚ್ಚೇನಿಲ್ಲ. ಹಕ್ಕಿ ವೀಕ್ಷಕರೊಬ್ಬರು ಇದನ್ನು ತಪ್ಪಾಗಿ ಬರೆದ ಕೊರಳು ಎಂದರೆ ನಾನು ವಾದಿಸಲಾರೆ. ಆದರೆ ರಾತ್ರಿ ಎತ್ತರದಿಂದ ಇಳಿಯುವ ಭಾರದ ಹಕ್ಕಿಯ ವೇಗ ಮಾತ್ರ ಅದರಲ್ಲಿದೆ.

1842ರಲ್ಲಿ ತೆಂಪೊ ಸುಧಾರಣೆಗಳೆಂಬ ಮಿತವ್ಯಯದ ಕಟ್ಟಳೆಗಳ ಭಾಗವಾಗಿ ನಟರ ಮತ್ತು ವೇಶ್ಯೆಯರ ಚಿತ್ರಗಳನ್ನು ಸರ್ಕಾರ ನಿಷೇಧಿಸಿದಾಗ, ಹಕ್ಕಿಯಂಥ ನಿರುಪದ್ರವಿ ವಿಷಯಗಳಿಗೆ ಯಾವ ಆತಂಕವೂ ಇರಲಿಲ್ಲ. 1868ರಿಂದ 1912ರವರೆಗಿನ ಮೇಜಿ ಕಾಲದಲ್ಲಿ ಕೆಲಸದ ಕೇಂದ್ರ ಸ್ವಲ್ಪ ಮಟ್ಟಿಗೆ ಕ್ಯೋಟೋ ಕಡೆಗೆ ಸರಿಯಿತು. ಕೋನೊ ಬಾಯ್‌ರೇ 1881ರಲ್ಲಿ ನೂರು ಹಕ್ಕಿಗಳ ಸಂಪುಟವನ್ನು ತಂದ. ಇಮಾವೊ ಕೇನೆನ್ 1891-92ರಲ್ಲಿ ನಾಲ್ಕು ಋತುಗಳಿಗೆ ನಾಲ್ಕು ಸಂಪುಟಗಳಂತೆ ತಂದ ಕೃತಿಯಲ್ಲಿ ಕೆತ್ತನೆಯ ಸೂಕ್ಷ್ಮತೆ ಕಣ್ಣಿಗೆ ನೋವಾಗುವಷ್ಟಿದೆ. ಅದು ನನಗೆ ಮೆಚ್ಚುಗೆಯೇ ಹೊರತು ಪ್ರೀತಿಯಲ್ಲ, ಎಲ್ಲವನ್ನೂ ಹೇಳಿಬಿಡುವ ಚಿತ್ರ ನೋಡುವವನಿಗೆ ಕೆಲಸ ಉಳಿಸುವುದಿಲ್ಲ.

ನನ್ನ ಬೆಳ್ಳಕ್ಕಿಯ ಕೋಸೊನ್ 1877ರಲ್ಲಿ ಕಾನಾಜಾವಾದಲ್ಲಿ ಹುಟ್ಟಿದವನು. ಸುಜುಕಿ ಕಾಸೊನ್ ಬಳಿ ಚಿತ್ರಕಲೆ ಕಲಿತು, ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಯುದ್ಧದ ಚಿತ್ರಗಳನ್ನೂ ಮಾಡಿ, ಕೊನೆಗೆ ಹಕ್ಕಿಗಳಲ್ಲೇ ನೆಲೆನಿಂತ. ಅವನ ಮೊದಲ ದಿನಗಳ ಅಚ್ಚುಗಳು ರೇಷ್ಮೆಯ ಮೇಲೆ ಶಾಯಿಯಿಂದ ಬರೆದವೇ ಎಂಬಂತೆ ಮಂಜುಮಂಜಾಗಿವೆ. ಹಿಮದ ಕೊಂಬೆಯ ಮೇಲಿನ ಕಾಗೆ, ಒಣಗಿದ ತಾವರೆ ಎಲೆಯ ಪಕ್ಕದ ಹಕ್ಕಿ, ಇವೇ ಅವನ ವಸ್ತುಗಳು. ಆ ಹೊತ್ತಿಗೆ ವಾತನಾಬೆ ಶೋಜಾಬುರೊ ಎಂಬ ಪ್ರಕಾಶಕನು ಅಳಿದುಹೋಗುತ್ತಿದ್ದ ಚಿತ್ರಕಾರ, ಕೆತ್ತನೆಗಾರ, ಒತ್ತುವವನ ಹಳೆಯ ಪದ್ಧತಿಯನ್ನು ಶಿನ್-ಹಂಗಾ, ಎಂದರೆ ಹೊಸ ಅಚ್ಚು, ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿದ್ದ. 1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ಅವನ ಹಲಗೆಗಳೂ ಅಚ್ಚುಗಳೂ ಬೂದಿಯಾದವು. ಅವನು ಪುನಃ ಮೊದಲಿನಿಂದ ಶುರುಮಾಡಿದ. 1926ರಿಂದ ಕೋಸೊನ್ ಅವನಿಗಾಗಿ ಶೋಸೊನ್ ಎಂಬ ಹೊಸ ಹೆಸರಿನಲ್ಲಿ ಕೆಲಸ ಮಾಡಿದ, ಬಣ್ಣಗಳು ಗಟ್ಟಿಯಾದವು, ಹಕ್ಕಿಗಳು ಕತ್ತಲೆಯಿಂದ ಎದ್ದುಬಂದವು. ಅಮೆರಿಕದ ಟೊಲಿಡೊ ವಸ್ತುಸಂಗ್ರಹಾಲಯ 1930 ಮತ್ತು 1936ರಲ್ಲಿ ನಡೆಸಿದ ಪ್ರದರ್ಶನಗಳಲ್ಲಿ ಅವನ ಚಿತ್ರಗಳಿದ್ದವು. ಕೊಳ್ಳುವವರು ಹೆಚ್ಚಾಗಿ ಹೊರದೇಶದವರೇ ಆಗಿದ್ದರು. ಅಬಿ ಆಲ್ಡ್ರಿಚ್ ರಾಕ್‌ಫೆಲರ್ ತಾವು ಕೂಡಿಟ್ಟ ಏಳುನೂರಕ್ಕೂ ಹೆಚ್ಚು ಹೂ-ಹಕ್ಕಿ ಅಚ್ಚುಗಳನ್ನು 1934ರಲ್ಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನ ಸಂಗ್ರಹಾಲಯಕ್ಕೆ ಕೊಟ್ಟರು. ಕೋಸೊನ್ 1945ರಲ್ಲಿ ತೀರಿಕೊಂಡಾಗ ಅವನನ್ನು ತನ್ನ ದೇಶಕ್ಕಿಂತ ಹೊರಗಿನವರೇ ಚೆನ್ನಾಗಿ ಬಲ್ಲವರಾಗಿದ್ದರು.

ಆ ದಿನ ಜಿಂಬೋಚೊದಿಂದ ತಂದ ಬೆಳ್ಳಕ್ಕಿಯನ್ನು ನಾನು ಚೌಕಟ್ಟು ಹಾಕಿಸಲು ಕೊಟ್ಟದ್ದು ನನ್ನ ಅವಿವೇಕ. ಹೇಗೆ ಕೂರಿಸಬೇಕೆಂದು ಹೇಳದೆ ಬಂದುಬಿಟ್ಟೆ. ಅವರು ಶ್ರದ್ಧೆಯಿಂದಲೇ ಕೆಲಸ ಮಾಡಿದ್ದರು. ಹಾಳೆ ಎಲ್ಲಿಯೂ ಏಳಬಾರದೆಂದು ಬಿಸಿ ಯಂತ್ರದಲ್ಲಿಟ್ಟು ದಪ್ಪ ರಟ್ಟಿಗೆ ಅಂಟಿಸಿ, ಮೇಲೆ ಗಾಜನ್ನು ಒತ್ತಿ ಕೂರಿಸಿದ್ದರು. ಮನೆಗೆ ತಂದು ದೀಪದ ಕೆಳಗೆ ಎಷ್ಟು ಓರೆ ಮಾಡಿದರೂ ಗರಿಗಳು ಏಳಲಿಲ್ಲ. ಇಸ್ತ್ರಿ ಹಾಕಿದ ಬಟ್ಟೆಯಂತೆ ಹಕ್ಕಿ ಮಟ್ಟಸವಾಗಿತ್ತು. ಅತಿಥಿಗಳು ಅದನ್ನು ನೋಡಿ ಬಹಳ ಚೆನ್ನಾಗಿದೆ ಎನ್ನುತ್ತಾರೆ, ನಾನು ಹೌದೆನ್ನುತ್ತೇನೆ.

ಮರುವರ್ಷ ಅದೇ ಮಹಡಿಗೆ ಹೋಗಿ ಮತ್ತೊಂದು ಪ್ರತಿಯನ್ನು ತಂದೆ. ಇದಕ್ಕೆ ಗೋಡೆಯ ಯೋಗವಿಲ್ಲ. ಆಮ್ಲವಿಲ್ಲದ ಕಾಗದದ ನಡುವೆ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಬೆಳಗಿನ ಹೊತ್ತು ಬೆಳಕು ಮೇಜಿನ ಮೇಲೆ ಅಡ್ಡಲಾಗಿ ಬರುವಾಗ ಒಮ್ಮೊಮ್ಮೆ ಹೊರಗೆ ತೆಗೆಯುತ್ತೇನೆ. ಈಚೆಗೆ ಅದನ್ನು ಬೋರಲು ಹಾಕಿ ನೋಡುವ ಅಭ್ಯಾಸವಾಗಿದೆ. ಹಿಂಬದಿಯಲ್ಲಿ ಹಿನ್ನೆಲೆಯ ಕಪ್ಪು ನಾರಿನ ಮೂಲಕ ಇಳಿದುಬಂದು ಬೂದಿಯ ಮೋಡದಂತೆ ಹರಡಿದೆ. ಅದರ ಮೇಲೆ ಬಾರೆನ್ ಸುತ್ತಿದ ಗುರುತುಗಳು ಒಂದನ್ನೊಂದು ದಾಟಿಕೊಂಡು, ಅಂಚಿನ ಹತ್ತಿರ ಚಿಕ್ಕದಾಗಿ, ನಡುವೆ ದೊಡ್ಡದಾಗಿ, ಒತ್ತಿದವರ ತೋಳು ಎಲ್ಲಿ ಚಾಚಿತು ಎಲ್ಲಿ ಮಡಿಸಿತು ಎಂದು ತಿಳಿಯುವಂತೆ ಕಾಣುತ್ತವೆ. ಹಕ್ಕಿಯ ಜಾಗದಲ್ಲಿ ಮಾತ್ರ ಆ ಗುರುತಿನ ಬಣ್ಣವಿಲ್ಲ. ಅಲ್ಲಿ ಎಡಬಲ ಅದಲುಬದಲಾದ ಬೆಳ್ಳಕ್ಕಿಯೊಂದು, ಒಂದೊಂದು ಗರಿಯೂ ಸಣ್ಣ ತಗ್ಗಾಗಿ, ಬೆರಳಿಟ್ಟರೆ ತಿಳಿಯುವಷ್ಟು ಆಳಕ್ಕೆ ಇಳಿದು ನಿಂತಿದೆ.